ಶನಿವಾರವಿಲ್ಲದ ಪುಸ್ತಕದಕ್ಕ

ಪುಸ್ತಕದಕ್ಕನನ್ನು ನಾನು ಮೊದಲು ನೋಡಿದ್ದು ಒಂದು ಶುಕ್ರವಾರ ಸಂಜೆ. ಹೊಸ ಕೆಲಸಕ್ಕೆ ಸೇರಿ, ಅವರ ಅಂಗಡಿಯ ಎದುರಿನ ಕಟ್ಟಡದಲ್ಲಿ ಒಂದು ಕೋಣೆ ಹಿಡಿದಿದ್ದೆ. ಅದು ಪುಸ್ತಕ ಮಾರುವ ಅಂಗಡಿಯಲ್ಲ, ಬಾಡಿಗೆಗೆ ಕೊಡುವ ಅಂಗಡಿ. ಉದ್ದನೆಯ ಒಂದೇ ಕೋಣೆ, ಮೂರು ಗೋಡೆಗೂ ಸೂರಿನ ತನಕ ಕಪಾಟು, ನಡುವೆ ಮೇಜು. ಮೇಜಿನ ಹಿಂದೆ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿಕೊಂಡು, ಹಳೇ ಪೇಪರಿನಲ್ಲಿ ಪುಸ್ತಕ ಸುತ್ತುತ್ತಿದ್ದರು. ದಾರದ ತುದಿ ಹಲ್ಲಿನಲ್ಲಿತ್ತು. ಹಾಗಾಗಿ ನನಗೆ ಕೂತುಕೊಳ್ಳಲು ಹೇಳಿದ್ದು ಹುಬ್ಬಿನಿಂದ.

ನಮ್ಮ ಹಳ್ಳಿಯ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಇರಲಿಲ್ಲ. ಡಿಗ್ರಿ ಮುಗಿಸುವವರೆಗೆ ಓದಿದ್ದೆಲ್ಲ ಪರೀಕ್ಷೆಗೆ. ಏನು ಕೇಳಬೇಕೆಂದು ತಿಳಿಯದೆ, "ಒಳ್ಳೇ ಪುಸ್ತಕ ಕೊಡಿ" ಎಂದೆ.

"ಒಳ್ಳೇದು ಕೆಟ್ಟದ್ದು ಆಮೇಲೆ. ಶನಿವಾರ ಭಾನುವಾರ ರೂಮಲ್ಲಿ ಯಾರಿರ್ತಾರೆ?"

"ನಾನೊಬ್ಬನೇ."

"ಅಡುಗೆ?"

"ನಾನೇ."

"ಊರಿಗೆ ಫೋನ್ ಮಾಡಿದ್ರೆ ಗಂಟಲು ಕಟ್ಟುತ್ತಾ?"

ನಾನು ಕಪಾಟಿನ ಕಡೆ ತಿರುಗಿದೆ. ಅವರು ಎದ್ದು ಹೋಗಿ ಒಂದು ದೆವ್ವದ ಕಥೆಗಳ ಪುಸ್ತಕ, ಒಂದು ಪ್ರವಾಸ ಕಥನ ತಂದರು. "ದೆವ್ವದ್ದು ಹಗಲಲ್ಲಿ, ಅನ್ನಕ್ಕಿಟ್ಟು ಓದು. ಒಂದು ಕಥೆ ಮುಗಿಯೋಷ್ಟರಲ್ಲಿ ಅನ್ನ ಆಗಿರುತ್ತೆ. ಸೀದು ಹೋದ್ರೆ ದೆವ್ವನ್ನ ಬೈಕೋ, ನನ್ನಲ್ಲ."

ಅವರ ಕೆಲಸದ ರೀತಿಯೇ ಅದು. ಯಾವ ಥರದ ಪುಸ್ತಕ ಇಷ್ಟ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ರಜೆಯ ಎರಡು ದಿನ ಮನೆಯಲ್ಲಿ ಏನಿದೆ ಎಂದು ಕೇಳುತ್ತಿದ್ದರು. ನೆಂಟರು ಬರುವ ಮನೆಗೆ ಸಣ್ಣ ಕಥೆಗಳು, ಯಾಕೆಂದರೆ ಎದ್ದು ಕಾಫಿ ಮಾಡಿ ಬಂದರೂ ಎಳೆ ತಪ್ಪುವುದಿಲ್ಲ. ಮಕ್ಕಳ ಪರೀಕ್ಷೆ ಇರುವ ಮನೆಗೆ ಹಾಸ್ಯ. ಹೆಂಡತಿಯ ಜೊತೆ ಜಗಳವಾಡಿದ ಬ್ಯಾಂಕಿನವರಿಗೆ ಇಟ್ಟಿಗೆಯಷ್ಟು ದಪ್ಪದ ಐತಿಹಾಸಿಕ ಕಾದಂಬರಿ. "ಇದು ಮುಗಿಯೋ ತನಕ ತಲೆ ಎತ್ತಬೇಡಿ ಸಾರ್. ಅಷ್ಟರಲ್ಲಿ ಅವರೂ ತಣ್ಣಗಾಗಿರ್ತಾರೆ."

ಇಡೀ ಬೀದಿಯ ಶನಿವಾರ ಭಾನುವಾರಗಳನ್ನು ಹೀಗೆ ಹೊಂದಿಸುತ್ತಿದ್ದ ಅಕ್ಕನಿಗೆ ತನ್ನದೊಂದು ಶನಿವಾರ ಇರಲಿಲ್ಲ. ಜನ ಬರುವುದೇ ಆ ದಿನಗಳಲ್ಲಿ. ಗಂಡ ಲಾರಿ ಓಡಿಸುತ್ತಿದ್ದರು, ಮನೆಗೆ ಬರುವುದು ಅಪರೂಪ. ಅಂಗಡಿ ಗಂಡನ ಅಣ್ಣನದು, ಅಂದರೆ ಭಾವನದು. ಅಂಗಡಿಯ ಹಿಂದೆ ಅಕ್ಕ ವಾಸವಿದ್ದ ಎರಡು ಕೋಣೆಯೂ ಭಾವನದೇ. ಮಲಗುವ ಕೋಣೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಮೇಜು. ಬೀದಿಗಿಳಿಯದೆ ವಾರ ಕಳೆದುಹೋಗುತ್ತಿತ್ತು. "ನಾನೂ ಒಂದು ಪುಸ್ತಕಾನೇ ಕಣೋ. ಬಾಡಿಗೆಗೆ ಹೋಗದೇ ಇರೋದು" ಎಂದು ಒಮ್ಮೆ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಆ ವರ್ಷ ಹತ್ತಿರದ ಶಾಲೆಯೊಂದರಿಂದ ಅಕ್ಕನಿಗೆ ಕರೆ ಬಂತು. ಅಲ್ಲಿನ ಗ್ರಂಥಾಲಯ ನೋಡಿಕೊಳ್ಳುವ ಕೆಲಸ. ಸೋಮವಾರದಿಂದ ಶುಕ್ರವಾರ. ಎರಡು ದಿನ ಪೂರ್ತಿ ರಜೆ.

"ರಜೇಲಿ ಏನ್ಮಾಡ್ತೀರಕ್ಕಾ?" ಎಂದೆ.

"ಕಾಲು ಚಾಚಿ ಕೂತು ಓದ್ತೀನಿ. ಯಾರಿಗೆ ಆಗುತ್ತೆ ಅಂತ ಯೋಚಿಸದೇ ಓದ್ತೀನಿ."

ಭಾವ ಒಳ್ಳೆಯ ಮಾತಿನವರು, ಗದರುವವರಲ್ಲ. "ಹೋಗಮ್ಮ, ನಾನೇನು ಬೇಡ ಅಂದ್ನಾ? ನಮ್ಮ ಚಿಕ್ಕವಳು ಬಿ.ಎ. ಮುಗಿಸಿ ಮನೇಲೇ ಇದ್ದಾಳೆ. ಒಂದು ತಿಂಗಳು ಅವಳು ಕೂರಲಿ, ನೀನು ಮೇಜಿನ ಹತ್ರ ಬರಬೇಡ. ಜನ ಅವಳ ಹತ್ರ ನಿಂತರೆ ನೀನು ಹೊರಡು. ಜನ ಹೋದರೆ ನಿನಗೇ ಗೊತ್ತಲ್ಲ" ಎಂದರು. ಚಿಕ್ಕವಳೆಂದರೆ ಭಾವನ ಕೊನೆಯ ತಂಗಿ, ಅಕ್ಕನ ನಾದಿನಿ.

ನಾದಿನಿ ಚುರುಕು. ಕಪಾಟುಗಳಿಗೆಲ್ಲ ಚೀಟಿ ಅಂಟಿಸಿದಳು: ಪತ್ತೇದಾರಿ, ಪ್ರೇಮ, ಇತಿಹಾಸ, ಹಾಸ್ಯ, ಪ್ರವಾಸ. ಮೊದಲ ವಾರ ಮಹಿಳಾ ಪೊಲೀಸೊಬ್ಬರಿಗೆ ಪತ್ತೇದಾರಿ ಕೊಟ್ಟಳು. ಅವರು ಮರುದಿನವೇ ತಂದು ಮೇಜಿನ ಮೇಲೆ ಹಾಕಿದರು. "ವಾರವೆಲ್ಲ ಕಳ್ಳರ ಹಿಂದೆ ಓಡಿದ್ದೀನಿ ತಾಯಿ. ಭಾನುವಾರವೂ ಒಬ್ಬನ್ನ ಮನೆಗೆ ಕಳಿಸ್ತೀಯಲ್ಲ!"

ಆದರೂ ಅವಳು ಸೋಲಲಿಲ್ಲ. ಎರಡನೆಯ ವಾರ ಬಾಗಿಲ ಬಳಿ ಒಂದು ಬೆಂಚು ಹಾಕಿ, "ಮೊದಲ ಪುಟ ಓದಿ ನೋಡಿ, ಹಿಡಿಸಿದ್ರೆ ತಗೊಳ್ಳಿ" ಎಂದಳು. ಜನ ಗೊಣಗುತ್ತಲೇ ತಾವೇ ಆರಿಸಿಕೊಳ್ಳತೊಡಗಿದರು. ಬ್ಯಾಂಕಿನವರು ಪ್ರೇಮದ ಕಪಾಟಿನ ಮುಂದೆ ನಿಂತಿದ್ದನ್ನು ನಾನೇ ಕಂಡೆ. ಇನ್ನು ಅಕ್ಕ ಹೊರಟಂತೆಯೇ ಎಂದುಕೊಂಡೆ.

ಆ ಸಂಜೆ ರಿಟೈರ್ಡ್ ಸಂಗೀತದ ಟೀಚರೊಬ್ಬರು ಅಂಗಡಿಗೆ ಬರದೆ ಪಕ್ಕದ ಸಂದಿಗೆ ಇಳಿದು ಅಕ್ಕನ ಅಡುಗೆಮನೆ ಕಿಟಕಿ ತಟ್ಟಿದರು. ನಾನು ಆಗ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.

"ಬೆಂಚಲ್ಲಿ ಕೂತು ಆರಿಸೋಕೆ ನನ್ನ ಸೊಂಟ ಬಿಡಲ್ಲ ಕಣೇ. ಮಗ ಸೊಸೆ ಪ್ರವಾಸ ಹೋಗ್ತಾರೆ, ಮನೇಲಿ ನಾನೊಬ್ಬಳೇ. ನೀನೇ ಏನಾದ್ರೂ ಹೇಳು."

"ಮುಂದೆ ಅವಳಿದ್ದಾಳಲ್ಲ ಟೀಚರ್, ಅವಳನ್ನೇ ಕೇಳಿ" ಎಂದರು ಅಕ್ಕ. ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ಮುಂದಿನ ಮಾತು ಆಗಲೇ ಹೊರಬಿದ್ದಿತ್ತು: "ಒಬ್ಬರೇನಾ? ಹಾಗಾದ್ರೆ ಆತ್ಮಚರಿತ್ರೆ ತಗೊಳ್ಳಿ. ಮನೇಲಿ ಯಾರೋ ಮಾತಾಡ್ತಿದ್ದಂಗಿರುತ್ತೆ." ನಾದಿನಿ ಬೆಂಚಿನವರ ಜೊತೆ ಮಾತಿನಲ್ಲಿದ್ದಾಗ, ಅವಳಿಗೆ ಕಾಣದಂತೆ ಒಳಗಿನ ಬಾಗಿಲಿನಿಂದ ಹೋಗಿ ಪುಸ್ತಕ ತಂದು, ಸುತ್ತಿ, ಕಿಟಕಿಯ ಸರಳುಗಳ ನಡುವೆ ಹೊರಗೆ ದಾಟಿಸಿದರು.

"ಅಕ್ಕಾ, ಏನಿದು?" ಎಂದೆ.

"ಇದೊಂದ್ಸಲ ಅಷ್ಟೇ."

ಮುಂದಿನ ಶುಕ್ರವಾರ ಸಂದಿಯಲ್ಲಿ ಸಾಲು ನಿಂತಿತ್ತು. ಟೀಚರ್ ಯಾರಿಗೆ ಹೇಳಿದ್ದರೋ, ಪೊಲೀಸಮ್ಮನೂ ಇದ್ದರು, ಬ್ಯಾಂಕಿನವರೂ ಇದ್ದರು. ಅಕ್ಕ ಒಲೆ ಆರಿಸಿ ಒಬ್ಬೊಬ್ಬರಿಗೂ ಕೇಳಿ, ಹೇಳಿ, ಕೊಡುತ್ತಿದ್ದರು. ಮುಂದೆ ಬೆಂಚು ಖಾಲಿ. ನಾದಿನಿ ಸಾಲಿನ ಕೊನೆಗೆ ಬಂದು ನಿಂತಳು.

"ಅತ್ತಿಗೆ, ಹೋಗಬೇಕು ಅಂತಿರೋರು ನೀವಾ, ನಾನಾ?"

ಅಷ್ಟರಲ್ಲಿ ಭಾವ ಸಂದಿಗೆ ಬಂದರು. ಸಾಲನ್ನು ನೋಡಿದರು. ಬೈಯಲಿಲ್ಲ, ಅದೇ ಕಷ್ಟ. "ಜನ ಎಲ್ಲಿ ನಿಂತಿದ್ದಾರೆ ನೀನೇ ನೋಡಮ್ಮ. ಇವರನ್ನೆಲ್ಲ ಬಿಟ್ಟು ಹೋಗ್ತೀಯಾ?"

ಸಾಲಿನಲ್ಲಿದ್ದವರೆಲ್ಲ ಅಕ್ಕನ ಮುಖವನ್ನೇ ನೋಡಿದರು. ಟೀಚರ್ ಪ್ರೀತಿಯಿಂದಲೇ, "ಅವಳೆಲ್ಲಿ ಹೋಗ್ತಾಳೆ, ಬಿಡಿ" ಎಂದರು. ಅಕ್ಕ ಸರಳು ಹಿಡಿದುಕೊಂಡೇ ಮುಂದಿನವರಿಗೆ, "ನಿಮ್ಮ ಮನೇಲಿ ಈ ವಾರ ಏನು?" ಎಂದರು.

ಎಲ್ಲರೂ ಹೋದ ಮೇಲೆ ನಾನು ಕೇಳಿದೆ, "ಒಂದು ಸಲ ಆಗಲ್ಲ ಅನ್ನಬಾರದಿತ್ತಾ?"

"ಯಾರಾದ್ರೂ ಎದುರು ನಿಂತ್ರೆ ಅವರ ಭಾನುವಾರ ನಂಗೆ ಕಾಣುತ್ತೆ ಕಣೋ. ಕಂಡ ಮೇಲೆ ಬಾಯಿ ಮುಚ್ಕೊಂಡು ಇರೋದು ಹೇಗೆ?" ಎಂದು ಅನ್ನಕ್ಕೆ ಮತ್ತೆ ಒಲೆ ಹಚ್ಚಿದರು. ಶಾಲೆಯವರು ಕೆಲ ದಿನ ಕಾದು ಬೇರೊಬ್ಬರನ್ನು ತೆಗೆದುಕೊಂಡರು. ನಾದಿನಿ ಬೇರೆ ಬಡಾವಣೆಯ ಔಷಧಿ ಅಂಗಡಿಯಲ್ಲಿ ಕೆಲಸ ಹಿಡಿದಳು.

ಪುಸ್ತಕದಕ್ಕ ಈಗಲೂ ಅದೇ ಅಂಗಡಿಯಲ್ಲಿದ್ದಾರೆ. ಮಂಗಳವಾರದಿಂದ ಭಾನುವಾರದವರೆಗೆ ಪುಸ್ತಕ ಕೊಡುತ್ತಾರೆ. ಸೋಮವಾರ ಬಾಗಿಲು ಹಾಕಿಕೊಂಡು, ಹರಿದು ಬಂದ ಪುಸ್ತಕಗಳಿಗೆ ಬೈಂಡು ಹಾಕುತ್ತಾರೆ.