ಬಿಸಿ ಟಯರಿಗೆ ಒದ್ದೆ ಗೋಣಿ

ಬಿಸಿ ಟಯರಿಗೆ ತಣ್ಣೀರು ಹಾಕಿದ್ದರಿಂದಲೇ ನಮ್ಮ ಭಾವನ ಜೀಪು ಮಗುಚಿತು ಎಂದು ಶಿಕಾರಿಪುರದಿಂದ ಸೊರಬದವರೆಗೆ ಎಲ್ಲರೂ ಹೇಳುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತ ಒಬ್ಬರಂತೂ, ನಾನು ಆ ಮನೆಯವನೇ ಎಂದು ಗೊತ್ತಿಲ್ಲದೆ, ನನಗೇ ಅದನ್ನು ವಿವರವಾಗಿ ಹೇಳಿದರು. ಓಡಿ ಬಂದ ಎತ್ತಿಗೆ ಬೆವರು ಆರುವ ಮುಂಚೆ ನೀರು ಹೊಯ್ದರೆ ಎತ್ತು ಕೆಡುತ್ತದೆ, ಟಯರೂ ಹಾಗೆಯೇ ಅಂತೆ.

ಎತ್ತಿನ ವಿಷಯ ಇರಲಿ. ಟಯರಿಗೆ ಬೆವರೆಲ್ಲಿಂದ ಬರಬೇಕು? ಎಲ್ಲರೂ ಹೇಳುತ್ತಾರೆ ಅನ್ನುವುದು ಸಾಕ್ಷಿಯಲ್ಲ ಎಂದು ಕಾಲೇಜಿನ ಚರ್ಚಾಕೂಟದಲ್ಲಿ ನನಗೆ ಮೊದಲ ದಿನವೇ ಕಲಿಸಿದ್ದರು. ಜೀಪು ಮಗುಚಿದ ದಿನ ಪಂದ್ಯದ ಮೊದಲ ಸುತ್ತು ಮುಗಿದ ಮೇಲೂ ಅದೇ ಟಯರಿಗೆ ಅದೇ ನೀರು ಬಿದ್ದಿತ್ತು. ಎರಡನೇ ಸುತ್ತಿನಲ್ಲಿ ಜೀಪು ಒಂದು ಕೂದಲೂ ಕೊಂಕದೆ ವಾಪಸು ಬಂತು. ನೀರೇ ಕಾರಣವಾಗಿದ್ದರೆ ಆಗಲೇ ಮಗುಚಬೇಕಿತ್ತಲ್ಲ? ಈ ವಾದವನ್ನು ಯಾವ ಸಭೆಯಲ್ಲಿ ಬೇಕಾದರೂ ಗೆಲ್ಲಬಲ್ಲೆ. ಆದರೆ ಎರಡು ವರ್ಷದಲ್ಲಿ ಒಮ್ಮೆಯೂ ಅದನ್ನು ಬಾಯಿಬಿಟ್ಟು ಆಡಿಲ್ಲ. ಆಡಿದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ನಿಜವಾದ ಕಾರಣ ಯಾವುದು?

ಹೊಸ ನಯಾ ಪೈಸೆ ಇನ್ನೂ ಜನರ ಕೈಗೆ ಒಗ್ಗದ ಕಾಲ. ಮಿಲಿಟರಿ ಹರಾಜಿನಲ್ಲಿ ಕೊಂಡ ಹಳೇ ಜೀಪುಗಳು ನಮ್ಮ ಕಡೆ ಜಮೀನುದಾರರ ಮನೆಗಳಲ್ಲಿ ಕಾಣಿಸಿಕೊಂಡಿದ್ದವು. ಸೊರಬದಲ್ಲಿ ಅಡಿಕೆ ತೋಟವಿದ್ದ ನಮ್ಮ ಭಾವನಿಗೂ ಒಂದಿತ್ತು. ಅಂಜನಾಪುರದ ಜಲಾಶಯದ ನೀರು ಬೇಸಿಗೆಯಲ್ಲಿ ಹಿಂದೆ ಸರಿದಾಗ ಅಂಚಿನಲ್ಲಿ ಅಗಲವಾದ ಗಟ್ಟಿ ನೆಲ ಬಿಡುತ್ತದೆ. ಅಲ್ಲಿ ಸುಣ್ಣ ಬಳಿದ ಸೀಮೆಎಣ್ಣೆ ಡಬ್ಬಗಳನ್ನು ಅಂಕುಡೊಂಕಾಗಿ ಇಟ್ಟು, ಒಂದೊಂದೇ ಗಾಡಿಯನ್ನು ಅವುಗಳ ನಡುವೆ ಓಡಿಸಿ, ಯಾರು ಬೇಗ ಬರುತ್ತಾರೆ ಎಂದು ನೋಡುವ ಹುಚ್ಚು ಅವರಿಗೆಲ್ಲ ಹಿಡಿದಿತ್ತು. ಡಬ್ಬ ಬೀಳಿಸಿದರೆ ಆ ಸುತ್ತು ಲೆಕ್ಕಕ್ಕಿಲ್ಲ. ಒಬ್ಬೊಬ್ಬರಿಗೆ ಮೂರು ಸುತ್ತು. ಹೊತ್ತು ಎಣಿಸುವುದಕ್ಕೆ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಗೆದ್ದವರಿಗೆ ಬಹುಮಾನವಿಲ್ಲ, ಸೋತವರಿಗೆ ಮುಂದಿನ ಬೇಸಿಗೆಯವರೆಗೆ ಗೇಲಿ.

ಅಕ್ಕ ಹೆರಿಗೆಗೆಂದು ಶಿಕಾರಿಪುರದ ನಮ್ಮ ಮನೆಗೆ ಬಂದಿದ್ದಳು, ಏಳು ತಿಂಗಳು ತುಂಬಿತ್ತು. ಆ ಬೆಳಿಗ್ಗೆ ನಾನು ಹೊರಡುವಾಗ ಬಾಗಿಲಿಗೆ ಬಂದು ನಿಂತಳು.

"ಅವರು ಯಾರ ಮಾತೂ ಕೇಳಲ್ಲ. ಆ ಎಡಗಡೆ ಮುಂದಿನ ಟಯರು ಸರಿ ಇಲ್ಲ ಅಂತ ಅವರೇ ನಿನ್ನೆ ಅಂತಿದ್ರು. ನೀನು ಅಲ್ಲೇ ಇದ್ದು ನೋಡ್ಕೋ. ವಾದ ಮಾಡ್ತಾ ನಿಂತ್ಕೋಬೇಡ."

"ವಾದ ಮಾಡ್ಲಿಲ್ಲ ಅಂದ್ರೆ ಯಾರು ಮಾತು ಕೇಳ್ತಾರೆ?" ಅಂದೆ.

ಅವಳು ನಗಲಿಲ್ಲ. "ಹುಷಾರು" ಅಂದಳು, ಅಷ್ಟೇ.

ಆ ಟಯರಿನ ಮೇಲ್ಮೈಗೆ ಹೊಸ ರಬ್ಬರು ಅಂಟಿಸಿದ್ದರು. ಒಳಗಿನ ಟ್ಯೂಬಿಗೆ ನಾಲ್ಕು ಪ್ಯಾಚು. ಗಟ್ಟಿ ನೆಲದಲ್ಲಿ ಜೋರಾಗಿ ತಿರುಗಿಸಿದರೆ ಟಯರು ಕಾಯುತ್ತದೆ, ಕಾದರೆ ಪ್ಯಾಚು ಬಿಡುತ್ತದೆ. ಅದಕ್ಕೇ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಸಿಗುವ ಅರ್ಧ ಗಂಟೆಯಲ್ಲಿ ಟಯರು ತಣಿಸಬೇಕಿತ್ತು. ಈ ಕೆಲಸ ಬಲ್ಲವರೊಬ್ಬರನ್ನು ಭಾವ ಕರೆಸಿದ್ದರು. ಶಿಕಾರಿಪುರದಲ್ಲಿ ಹತ್ತಾರು ವರ್ಷ ಲಾರಿ ಓಡಿಸಿ ಈಗ ಕಣ್ಣು ಮಂಜಾಗಿ ಆ ಕೆಲಸ ಬಿಟ್ಟಿದ್ದ ಮುದುಕರು. ಯಾರದೇ ಗಾಡಿ ಕೆಟ್ಟರೂ ಜನ ಅವರನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಅವರು ಗೋಣಿಚೀಲ ನೆನೆಸಿ ಹಿಂಡಿ ಟಯರಿಗೆ ಸುತ್ತುತ್ತಿದ್ದರು, ಅದು ಬೆಚ್ಚಗಾದರೆ ಬಿಚ್ಚಿ ಇನ್ನೊಂದು. ಕೊನೆಗೆ ಸ್ಪ್ಯಾನರಿನಿಂದ ಟಯರಿಗೆ ಬಡಿದು, ಕಿವಿಗೊಟ್ಟು ಸದ್ದು ಕೇಳಿ, "ಹೂಂ, ಹೋಗ್ಲಿ" ಅನ್ನುವರು. ಅವರ ಹತ್ತಿರ ಗಾಳಿ ಅಳೆಯುವ ಸಾಧನ ಇರಲಿಲ್ಲ. ಕಿವಿಯೇ ಸಾಧನ.

ಎರಡು ಸುತ್ತು ಹೀಗೇ ಕಳೆಯಿತು. ಎರಡನೆಯದರಲ್ಲಿ ಶಿಕಾರಿಪುರದ ಗಾಡಿಯೊಂದು ಭಾವನಿಗಿಂತ ಸ್ವಲ್ಪ ಬೇಗ ಬಂತು. ಭಾವ ಮುಖ ಸಿಂಡರಿಸಿಕೊಂಡು, ನನ್ನ ಕಡೆ ತಿರುಗಿ, "ಹೋಯ್, ಟಯರು ನೀನೇ ನೋಡ್ಕೋ ಮಾರಾಯ, ನಾ ಆ ಕೊನೇ ತಿರುವು ಒಂದ್ಸಲ ನಡ್ಕಂಡು ನೋಡ್ಕಂಡು ಬತ್ತೆ" ಎಂದು ಡಬ್ಬಗಳ ಕಡೆ ಹೋದರು.

ಟಯರು ಮುಟ್ಟಿದೆ. ಅಂಗೈ ಚುರ್ ಅಂತು. ಮೊದಲ ಸಲಕ್ಕಿಂತ ಹೆಚ್ಚು ಕಾದಿತ್ತು, ಉಬ್ಬಿದಂತೆಯೂ ಕಂಡಿತು. ನನ್ನ ಹೆದರಿಕೆ ಶುರುವಾದದ್ದು ಅಲ್ಲಿ. ಅಕ್ಕ ಬಾಗಿಲಲ್ಲಿ ನಿಂತಿದ್ದ ರೀತಿ ಕಣ್ಣಿಗೆ ಕಟ್ಟಿತು. ನನಗೆ ಹೆದರಿಕೆಯಾದರೆ ಬಾಯಿ ಹೆಚ್ಚಾಗುತ್ತದೆ.

"ಯಜಮಾನ್ರೇ, ಇದು ಒಡೀತದೆ. ಗಾಳಿ ಕಾದ್ರೆ ಹಿಗ್ಗುತ್ತೆ. ಹಿಗ್ಗಿದ್ದಷ್ಟನ್ನ ಬಿಟ್ಬಿಟ್ರೆ ಮುಗೀತಲ್ಲ?"

"ಬಿಡಬಾರ್ದ್ರೀ. ಬಿಸಿ ಟಯರಿಂದ ಗಾಳಿ ಬಿಡಬಾರ್ದು."

"ಯಾಕೆ ಬಿಡಬಾರದು?"

"ಬಿಡಬಾರ್ದು ಅಂದ್ರೆ ಬಿಡಬಾರ್ದ್ರೀ."

"ಇದು ಕಾರಣ ಅಲ್ಲ, ಅದೇ ಮಾತನ್ನ ಎರಡು ಸಲ ಹೇಳಿದ್ದು."

ಸುತ್ತ ನಿಂತಿದ್ದವರು ಹೋ ಎಂದು ನಕ್ಕರು. ತಲೆಗೆ ಟವಲು ಕಟ್ಟಿಕೊಂಡಿದ್ದ ರೈತರೊಬ್ಬರು, "ಗಾಳಿ ಮಾತು ಆಮೇಲಾಗ್ಲಿ, ಮೊದ್ಲು ಆ ನೀರು ಹಾಕೋದು ಬಿಡ್ರಪ್ಪ, ಬೆವರು ಆರ್ಲಿ" ಅಂದರು. ಅದಕ್ಕೂ ನಗು. ಮುದುಕರು ನನ್ನನ್ನೇ ನೋಡಿದರು. "ಕಾಲೇಜು ಕಲ್ತೋರು ನೀವು. ನಂಗೆ ಹೇಳಕ್ ಬರಲ್ರೀ, ಮಾಡಕ್ ಬರ್ತದೆ" ಎಂದು ಎರಡು ತಗಡಿನ ಕೊಡ ಎತ್ತಿಕೊಂಡು ನೀರಿಗೆ ಹೋದರು. ಮುಂದಿನ ಗಾಡಿ ಹೊರಟಿತು, ಜನವೆಲ್ಲ ಆ ಕಡೆ ಓಡಿದರು.

ನಾನೊಬ್ಬನೇ ಉಳಿದೆ. ಬೆಂಕಿಕಡ್ಡಿಯ ತುದಿಯಿಂದ ವಾಲ್ವಿನ ಒಳಗಿನ ಮೊಳೆ ಒತ್ತಿದೆ. ಬೆಚ್ಚಗಿನ, ಹಳೇ ರಬ್ಬರಿನ ವಾಸನೆಯ ಗಾಳಿ ಬೆರಳಿಗೆ ಬಡಿಯಿತು. ಇಪ್ಪತ್ತು ಎಣಿಸಿದೆ. ಸಾಲದು ಅನ್ನಿಸಿ ಮತ್ತೆ ಇಪ್ಪತ್ತು. ಉಬ್ಬು ಇಳಿಯಿತು. ಎಷ್ಟೋ ಸಮಾಧಾನವಾಯಿತು, ನಿಜ ಹೇಳುತ್ತೇನೆ. ಭಾವನ ಜೀವ ಉಳಿಸಿದೆ ಎಂದುಕೊಂಡೆ.

ಮುದುಕರು ಬಂದು ಒದ್ದೆ ಗೋಣಿ ಸುತ್ತಿದರು. ಎರಡನೇ ಗೋಣಿ ಬಿಚ್ಚಿದಾಗ ನಾನು ಬಗ್ಗಿ ನೋಡಿದೆ. ಟಯರು ತಣ್ಣಗಾಗಿತ್ತು. ನೆಲಕ್ಕೆ ತಾಗುವಲ್ಲಿ ಅದರ ಹೊಟ್ಟೆ ಅಗಲವಾಗಿ ಕೂತಿತ್ತು, ಅನ್ನ ಉಂಡು ಗೋಡೆಗೆ ಒರಗಿದವರ ಹೊಟ್ಟೆಯ ಹಾಗೆ. ಕಾದಾಗ ಹಿಗ್ಗಿದ್ದು ತಣಿದರೆ ಕುಗ್ಗಲೇಬೇಕು. ಮೊದಲ ಅರ್ಧ ಅಷ್ಟು ಜೋರಾಗಿ ಹೇಳಿದವನಿಗೆ ಇನ್ನರ್ಧ ಹೊಳೆದದ್ದು ಈಗ. ಮುದುಕರು ಹೇಳಲು ಬರುವುದಿಲ್ಲ ಅಂದ ಕಾರಣ ಇದೇ ಆಗಿತ್ತು. ಗಾಳಿ ಕಡಿಮೆಯಾದ ಟಯರು ತಿರುವಿನಲ್ಲಿ ಮಡಚಿಕೊಂಡರೆ?

ಗಾಳಿ ಹೊಡೆಯುವ ಪಂಪು ಅಲ್ಲೇ ಬಿದ್ದಿತ್ತು. ಒಂದು ಮಾತು ಸಾಕಿತ್ತು. ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಭಾವ ಬಂದು ಹತ್ತಿ ಕೂತರು.

"ತಡೀರಿ, ಒಂದ್ ಸಲ ಬಡಿದು ನೋಡ್ತೀನಿ" ಎಂದು ಮುದುಕರು ಸ್ಪ್ಯಾನರು ಹುಡುಕಿದರು.

ಅವರು ಬಡಿದರೆ ಸದ್ದು ಬೇರೆ ಬರುತ್ತದೆ. ಬಂದರೆ, ಹೋ ಎಂದು ನಕ್ಕವರೆಲ್ಲ ಈಗ ನನ್ನ ಕಡೆ ತಿರುಗಿ ನಗುತ್ತಾರೆ. ನನ್ನ ಬಾಯಿಂದ ಬಂದ ಮಾತು ಇದು:

"ನಾನು ನೋಡಿದೀನಿ. ಸರಿ ಇದೆ."

ಮುದುಕರು ಕೈ ಹಿಂತೆಗೆದರು. ಭಾವ ಗೇರು ಹಾಕಿದರು.

ಆ ಸುತ್ತು ಎರಡು ನಿಮಿಷವೂ ಇರಲಿಲ್ಲ. ಗಾಡಿ ಓಡಿದರೆ ಮತ್ತೆ ಕಾಯುತ್ತದೆ, ಕಾದರೆ ಗಾಳಿ ಹಿಗ್ಗಿ ಸರಿಹೋಗುತ್ತದೆ ಎಂದು ನನಗೆ ನಾನೇ ವಾದಿಸುತ್ತಿದ್ದೆ. ಎಷ್ಟು ಚೆನ್ನಾದ ವಾದ! ಕೂಗಬೇಕು ಅನ್ನಿಸಿ ಡಬ್ಬಗಳ ಕಡೆ ನಾಲ್ಕು ಹೆಜ್ಜೆ ಓಡಿ ನಿಂತೆ. ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಮುಂದಿನ ಚಕ್ರ ಒಂದು ಥರ ಹೊರಳಿತು, ಜನ ಕೇಕೆ ಹಾಕಿದರು. ಮುದುಕರು ಹಾಕಲಿಲ್ಲ. ತಲೆ ವಾರೆ ಮಾಡಿ ಕೇಳುತ್ತಿದ್ದರು. ಕೊನೆಯದು ಬಲಕ್ಕೆ ಬಿಗಿಯಾದ ತಿರುವು, ಭಾರವೆಲ್ಲ ಎಡಗಡೆಗೆ. ಟಯರು ರಿಮ್ಮಿನಿಂದ ಕಳಚಿತು, ಕಬ್ಬಿಣ ನೆಲಕ್ಕೆ ಹೂತುಕೊಂಡಿತು, ಜೀಪು ನಿಧಾನವಾಗಿ, ಬೇಡ ಬೇಡ ಅನ್ನುವ ಹಾಗೆ, ಪಕ್ಕಕ್ಕೆ ಮಗುಚಿತು. ಧೂಳಿನಲ್ಲಿ ಭಾವ ಕಾಣಲಿಲ್ಲ.

ಬದುಕಿದರು. ಎಡ ಮೊಣಕೈ ಪುಡಿಯಾಗಿತ್ತು. ಇನ್ನೊಬ್ಬರ ಜೀಪಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋಗುವಾಗ ನನ್ನ ಹಿಂದೆ ಕೂತವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. "ಹೇಳಿದ್ವಿ, ಕೇಳ್ಲಿಲ್ಲ. ಬಿಸಿ ಟಯರಿಗೆ ತಣ್ಣೀರು ಹಾಕ್ದ ಆ ಮುದುಕ." ಅಕ್ಕ ಕೇಳಿದಾಗಲೂ ಆ ಜನರೇ ಅದನ್ನು ಹೇಳಿದರು. ನಾನು ತಲೆ ತಗ್ಗಿಸಿದೆ. ಅವಳು ಅದನ್ನು ದುಃಖ ಅಂದುಕೊಂಡಳು.

ಮುಂದಿನ ವಾರಗಳಲ್ಲಿ ನಮ್ಮ ಮನೆಯ ಬೀದಿಯಲ್ಲಿ ಯಾರ ಚಪ್ಪಲಿ ಸದ್ದಾದರೂ ನಾನು ಒಳಗೆ ಹೋಗಿಬಿಡುತ್ತಿದ್ದೆ. ಮುದುಕರು ಬರುತ್ತಾರೆ, ಅಕ್ಕನೆದುರು ನಿಂತು "ನೋಡಿದೀನಿ ಅಂದೋನು ನಿಮ್ಮ ತಮ್ಮ" ಅನ್ನುತ್ತಾರೆ ಎಂಬ ಹೆದರಿಕೆ. ಹೆರಿಗೆಯಾಯಿತು, ಮಗುವಿಗೆ ಹೆಸರಿಟ್ಟರು, ಭಾವನ ಕೈ ನೆಟ್ಟಗಾಗದೆ ಉಳಿಯಿತು. ಮುದುಕರು ಬರಲಿಲ್ಲ. ಅವರನ್ನು ಯಾರೂ ಗಾಡಿ ನೋಡಲು ಕರೆಯುತ್ತಿಲ್ಲ ಎಂದು ಮಾತ್ರ ಕಿವಿಗೆ ಬಿತ್ತು.

ಈ ಬೇಸಿಗೆ ರಜೆಗೆ ಬಂದವನು ಅವರಿದ್ದಲ್ಲಿಗೇ ಹೋದೆ. ಅಕ್ಕಿ ಗಿರಣಿಯ ಮುಂದೆ ಹರಿದ ಗೋಣಿಚೀಲ ಹೊಲಿಯುತ್ತ ಕೂತಿದ್ದರು, ದಬ್ಬಣವನ್ನು ಕಣ್ಣಿನ ಹತ್ತಿರ ಹಿಡಿದು. ಧ್ವನಿಯಿಂದಲೇ ನನ್ನ ಗುರುತು ಹಿಡಿದರು. "ಭಾವನೋರ ಕೈ ಹೆಂಗೈತ್ರೀ?" ಅಂದರು. ಹೇಳಿದೆ. ಮಗುವಿನ ವಿಷಯ ಕೇಳಿದರು. ಅದನ್ನೂ ಹೇಳಿದೆ. ಅವರು ಸುತಳಿ ಎಳೆದು ಗಂಟು ಹಾಕಿದರು.

"ಯಜಮಾನ್ರೇ," ಅಂದೆ, "ಟಯರು ನೋಡಿದೀನಿ ಅಂದೋನು ನಾನು. ಅದನ್ನ ಇಷ್ಟು ದಿನ ಯಾರಿಗೂ ಯಾಕೆ ಹೇಳಲಿಲ್ಲ ನೀವು?"