ಖುರ್ಷೀದ್ ಬೀ ಮಾರಿಸಿದ ಅಟ್ಟದ ಮನೆ

ಯಲಹಂಕದ ಹಳೇ ಊರಿನಲ್ಲಿ ನನ್ನ ಚಿಲ್ಲರೆ ಅಂಗಡಿ. ಎದುರಿಗೆ ಮುನಿಆಂಜಿನಪ್ಪನ ಮನೆ. ಕೆಳಗೆ ಅವನ ಸಂಸಾರ, ಮೇಲೆ ಒಂದೇ ಒಂದು ದೊಡ್ಡ ಹಜಾರ. ರೇಷ್ಮೆಗೂಡು ಹರವುವುದಕ್ಕೆ ಅವನ ತಾತ ಕಟ್ಟಿಸಿದ್ದಂತೆ. ತೇಗದ ಕಂಬ, ಹಲಗೆಯ ನೆಲ, ಮಂಗಳೂರು ಹೆಂಚು, ಹತ್ತಲು ಹೊರಗಡೆಯಿಂದ ಕಲ್ಲಿನ ಮೆಟ್ಟಿಲು. ನಾವೆಲ್ಲ ಅದನ್ನು ಅಟ್ಟ ಅನ್ನುತ್ತಿದ್ದೆವು. ಎಂಬತ್ತನಾಲ್ಕರಲ್ಲಿ ದಲ್ಲಾಳಿ ಪಿಳ್ಳಣ್ಣ ಅದಕ್ಕೆ ಲಕ್ಷುರಿ ಅಪಾರ್ಟ್‌ಮೆಂಟ್ ಅಂತ ಹೆಸರಿಟ್ಟು ಇಂಗ್ಲಿಷ್ ಪೇಪರಿನಲ್ಲಿ ಜಾಹೀರಾತು ಹಾಕಿಸಿದ. ಬಚ್ಚಲಿಲ್ಲ, ಒಲೆ ಹೂಡಲು ಜಾಗವಿಲ್ಲ, ಲಕ್ಷುರಿಯಂತೆ! ನನಗೆ ನಗು ತಡೆಯಲಾಗಲಿಲ್ಲ. ಸಿಟಿಯ ಅನುಕೂಲಸ್ಥರಿಗೆ ಈಗ ಹಳೇ ಊರು, ಹಳೇ ಮರ ಅಂದರೆ ಹುಚ್ಚು, ಬಚ್ಚಲು ಬೇಕಾದರೆ ಅವರೇ ಕಟ್ಟಿಸಿಕೊಳ್ಳುತ್ತಾರೆ ಅಂತ ಅವನು ನನಗೇ ಪಾಠ ಹೇಳಿದ.

ನಮ್ಮೂರಿನವರು ಮಾತ್ರ ಪುಕ್ಕಟೆ ಕೊಟ್ಟರೂ ಅದನ್ನು ಮುಟ್ಟುತ್ತಿರಲಿಲ್ಲ. ಮುನಿಆಂಜಿನಪ್ಪನ ತಾಯಿ ಮುನಿಕೃಷ್ಣಮ್ಮ ಎಪ್ಪತ್ತೆಂಟರಲ್ಲಿ ಆ ಅಟ್ಟದಲ್ಲೇ ಪ್ರಾಣ ಬಿಟ್ಟಿದ್ದರು. ಅವತ್ತು ಧನಿಷ್ಠಾ ನಕ್ಷತ್ರ. ಆ ಗಳಿಗೆಯಲ್ಲಿ ಹೋದವರು ಮನೆಗೆ ತಿರುಗಿ ಬಂದು ಇನ್ನೊಬ್ಬರನ್ನು ಕರೆದುಕೊಂಡು ಹೋಗುತ್ತಾರೆ ಅನ್ನುವುದು ನಮ್ಮ ಕಡೆಯ ಭಯ. ಅದಕ್ಕೆ ಹೆಣವನ್ನು ಬಾಗಿಲಿನಿಂದ ಸಾಗಿಸುವುದಿಲ್ಲ. ಗೋಡೆ ಒಡೆದು, ಆ ಕಂಡಿಯಿಂದ ಹೊರಗೆ ತೆಗೆದು, ಕೂಡಲೇ ಕಂಡಿ ಮುಚ್ಚಿಬಿಡುತ್ತಾರೆ. ಹೋದವರಿಗೆ ವಾಪಸು ಬರುವ ದಾರಿ ಸಿಗಬಾರದು ಅಂತ.

ಹಿತ್ತಿಲ ಕಡೆಯ ಗೋಡೆ ಒಡೆದು, ಚಟ್ಟಕ್ಕೆ ಹಗ್ಗ ಕಟ್ಟಿ ಅವರನ್ನು ಮೇಲಿಂದ ಕೆಳಗೆ ಇಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಡೀ ಬೀದಿಗೆ ಉಪ್ಪಿನಕಾಯಿ ಹಂಚುತ್ತಿದ್ದ ಹೆಂಗಸು. ನನ್ನ ಎರಡೂ ಹೆರಿಗೆಗೆ ಬಿಸಿನೀರು ಕಾಯಿಸಿದವರು. ಅವರ ಹೆಣ ಇನ್ನೂ ನೆಲ ಮುಟ್ಟಿರಲಿಲ್ಲ, ಮೇಲೆ ಗಾರೆಯವನು ಇಟ್ಟಿಗೆ ಕೈಯಲ್ಲಿ ಹಿಡಿದು ಕಾಯುತ್ತ ನಿಂತಿದ್ದ. ನನ್ನ ಹೊಟ್ಟೆ ಉರಿದುಹೋಯಿತು. ಅಟ್ಟದ ಬಾಗಿಲಿಗೆ ಮುಳ್ಳು ಜಡಿದು ಆರು ತಿಂಗಳು ತೆಗೆಯಬಾರದು ಅಂದರು. ಆಮೇಲೆ ವರ್ಷಗಳೇ ಕಳೆದರೂ ಒಬ್ಬರೂ ಆ ಮೆಟ್ಟಿಲು ಹತ್ತಲಿಲ್ಲ.

ಮಾರಬೇಕಾದರೆ ಮನೆ ಮನೆಯ ಹಾಗೆ ಕಾಣಬೇಕಲ್ಲ. ಯಾರಾದರೂ ಅಲ್ಲಿದ್ದು ಗುಡಿಸಿ, ಸಂಜೆ ದೀಪ ಹಚ್ಚಬೇಕು. ನಮ್ಮವರು ಒಬ್ಬರೂ ಒಪ್ಪಲಿಲ್ಲ. ನಮ್ಮ ನಕ್ಷತ್ರಗಳ ಹಂಗಿಲ್ಲದ ಒಬ್ಬಳನ್ನು ಪಿಳ್ಳಣ್ಣ ಬಾಗಲಗುಂಟೆಯಿಂದ ಕರೆತಂದ. ಅವಳೇ ಖುರ್ಷೀದ್ ಬೀ.

ನಲವತ್ತು ದಾಟಿದ ಬಡಕಲು ಹೆಂಗಸು. ಊದುಬತ್ತಿ ಹೊಸೆಯುವುದು ಅವಳ ಕಸುಬು, ಇದ್ದಿಲ ಪುಡಿ ಹತ್ತಿ ಅಂಗೈ ಯಾವಾಗಲೂ ಕಪ್ಪು. ಗಂಡ ಅನ್ವರ್ ಲಾರಿಯ ಜೊತೆ ಬೊಂಬಾಯಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ತಮ್ಮ ಅತಾವುಲ್ಲಾನ ಮನೆಯಲ್ಲಿ ಅವಳಿಗೆ ಸಿಕ್ಕಿದ್ದು ಹೊರಗಿನ ಜಗುಲಿ. ಹೊತ್ತು ಮುಳುಗಿದ ಮೇಲೆ ನಾದಿನಿ ಒಳಗಿಂದ ಅಗುಳಿ ಹಾಕಿಕೊಳ್ಳುತ್ತಿದ್ದಳಂತೆ. ಮಳೆಯ ಎರಚಲು ಬಂದರೆ ಬಾಗಿಲು ತಟ್ಟಿ ತಟ್ಟಿ ಕೈ ನೋಯುತ್ತಿತ್ತು ಅಂತ ನಗುನಗುತ್ತಲೇ ಹೇಳುತ್ತಿದ್ದಳು.

ಅಟ್ಟಕ್ಕೆ ಬಾಡಿಗೆಯಿಲ್ಲ. ಆದರೆ ಮಾರಾಟವಾದ ದಿನ ಗಂಟುಮೂಟೆ ಕಟ್ಟಬೇಕು. ಅಷ್ಟು ಕರಾರಿಗೇ ಅವಳು ಹಿಗ್ಗಿಹೋದಳು.

“ಬೀಗದ ಕೈ ನನ್ ಸೆರಗಲ್ಲಿರೋದು ಹುಟ್ಟಿದಾಗಿಂದ ಇದೇ ಮೊದ್ಲು ಅಕ್ಕಾ” ಅಂದಳು.

ನೋಡಲು ಜನ ಬಂದರು. ಕಂಬ ಸವರಿ ನೋಡಿದರು, ಹಲಗೆ ತುಳಿದು ನೋಡಿದರು. ಕೆಳಗಿಳಿದಾಗ ಬೀದಿಯಲ್ಲಿ ಯಾರೋ ಒಬ್ಬರು ಅವರ ಕಿವಿ ಊದುತ್ತಿದ್ದರು. ಆಗ ಅವರು ಮತ್ತೆ ಹತ್ತಿ ಹೋಗಿ ಖುರ್ಷೀದ್ ಬೀಯನ್ನು ಪಕ್ಕಕ್ಕೆ ಕರೆದು, ಇಲ್ಲಿ ಏನಾದರೂ ಇದೆಯಾ ಅಂತ ಕೇಳುವರು. ಏನೂ ಇಲ್ಲ ಅನ್ನುತ್ತಿದ್ದಳು ಇವಳು. ನನಗೆ ರೇಗಿಹೋಗುತ್ತಿತ್ತು. ಒಂದು ಸಲ ಹೌದು ಅಂದುಬಿಡೇ ಮಾರಾಯ್ತಿ, ಈ ಜನ್ಮದಲ್ಲಿ ಯಾರೂ ಕೊಳ್ಳುವುದಿಲ್ಲ, ಸಾಯುವ ತನಕ ಆರಾಮಾಗಿ ಇರಬಹುದು ಅಂತ ಎಷ್ಟು ಬೈದರೂ ಅವಳು ತಲೆ ತಗ್ಗಿಸಿ ಊದುಬತ್ತಿ ಹೊಸೆಯುತ್ತಿದ್ದಳು. ಅವಳ ಮುಖ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತ ಬಂತು. ನಾನು ಬಿಡಲಿಲ್ಲ, ಅದೇನು ಅಂತ ಹಟ ಹಿಡಿದು ಕೇಳಿದೆ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನನ್ನು ಮೇಲೆ ಕರೆದುಕೊಂಡು ಹೋದಳು.

ಹಿಂದಿನ ಗೋಡೆಯಲ್ಲಿ ಮುಚ್ಚಿದ ಕಂಡಿಯ ಗುರುತು ಎದ್ದು ಕಾಣುತ್ತಿತ್ತು. ಅಲ್ಲಿ ನನ್ನ ಅಂಗೈ ಇರಿಸಿ ಸುಮ್ಮನಿರಿ ಅಂದಳು. ಮೊದಲು ಏನೂ ಇಲ್ಲ. ಆಮೇಲೆ ಗೋಡೆಯ ಆಚೆ ಬದಿಯಲ್ಲಿ ಒಂದು ಸದ್ದು. ಯಾರೋ ಗೋಡೆಯನ್ನು ಸವರುತ್ತ ಬರುತ್ತಿದ್ದರು. ಅಷ್ಟು ದೂರ ಸವರುವುದು, ನಿಲ್ಲುವುದು, ಮತ್ತೆ ಸವರುವುದು. ನನ್ನ ಅಂಗೈಯ ಎದುರಿಗೆ ಬಂದು ಅದು ನಿಂತಿತು. ಆಚೆ ಕಡೆ ನಿಲ್ಲಲು ಬಾಲ್ಕನಿಯಿಲ್ಲ, ಮೆಟ್ಟಿಲಿಲ್ಲ, ಕೆಳಗೆ ಹಿತ್ತಿಲ ಬಾವಿಕಟ್ಟೆ ಅಷ್ಟೆ. ಹೆದರಿಕೆಗಿಂತ ಹೆಚ್ಚಾಗಿ ಎದೆಗೆ ಬಡಿದದ್ದು ಬೇರೆ. ಆ ಸದ್ದು ನನಗೆ ಗೊತ್ತಿತ್ತು. ಮುನಿಕೃಷ್ಣಮ್ಮನಿಗೆ ಕೊನೆಗಾಲಕ್ಕೆ ಕಣ್ಣು ಪೂರ್ತಿ ಹೋಗಿತ್ತು. ಗೋಡೆ ಸವರಿಕೊಂಡೇ ಅವರು ಓಡಾಡುತ್ತಿದ್ದದ್ದು.

ಈಗಲೇ ಹೋಗಿ ಮುನಿಆಂಜಿನಪ್ಪನಿಗೆ ಹೇಳುತ್ತೇನೆ ಅಂತ ನಾನು ಹೊರಟೆ. ಖುರ್ಷೀದ್ ಬೀ ನನ್ನ ಕೈ ಹಿಡಿದುಕೊಂಡಳು.

“ಹೇಳ್ಬೇಡಿ ಅಕ್ಕಾ. ಮಂತ್ರವಾದಿನ ಕರ್ಸಿ ಗೋಡೆಗೆ ಮೊಳೆ ಹೊಡೆಸ್ತಾರೆ. ಅವ್ರು ಯಾರ್ನೂ ಕರ್ಕೊಂಡೋಗಕ್ಕೆ ಬಂದಿಲ್ಲ. ಮನೆ ಒಳ್ಗೆ ಬರ್ಬೇಕು ಅಂತಾರೆ, ಅಷ್ಟೆ.”

ಹಾಗಾದರೆ ಬಾಗಿಲು ತೆಗೆದಿಡು ಅಂದೆ. ದಿನಾ ತೆಗೆದೇ ಇಡುತ್ತಿದ್ದಳಂತೆ. ಆದರೆ ಆ ಕಡೆಗೆ ಅವರು ಬರುತ್ತಲೇ ಇರಲಿಲ್ಲ. ಕಣ್ಣಿಲ್ಲದ ಜೀವ, ಯಾವ ದಾರಿಯಲ್ಲಿ ಹೊರಗೆ ಹಾಕಿದರೋ ಆ ದಾರಿಯನ್ನೇ ಹುಡುಕುತ್ತಿತ್ತು. ಗೋಡೆ ಒಡೆಯದೆ ಬೇರೆ ಉಪಾಯವಿರಲಿಲ್ಲ. ಮುನಿಆಂಜಿನಪ್ಪ ಜೀವ ಹೋದರೂ ಒಡೆಯುವವನಲ್ಲ, ಒಡೆಯುವ ಹಕ್ಕು ಇವಳಿಗಿಲ್ಲ. ಏನೂ ಅರಿಯದ ಹೊರಗಿನವರು ಕೊಂಡರೆ ಮಾತ್ರ ಅದು ಆಗುವ ಕೆಲಸ. ಕೊಂಡರೆ ಇವಳು ಮತ್ತೆ ಬಾಗಲಗುಂಟೆಯ ಜಗುಲಿಗೆ ಹೋಗಬೇಕು. ಅದೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನೀನು ಯಾಕೆ ಅವರಿವರಿಗಾಗಿ ಹಾಳಾಗುತ್ತೀಯೆ, ಅವರು ನಿನ್ನ ಬಂಧುವೋ ಬಳಗವೋ ಅಂತ ಗದರಿದೆ.

ಮಳೆಗಾಲ ಕಳೆದ ಮೇಲೆ ವಿಮಾನದಳದಿಂದ ರಿಟೈರಾದ ಒಬ್ಬ ಆಫೀಸರು ಹೆಂಡತಿಯೊಂದಿಗೆ ಬಂದರು. ಉತ್ತರದ ಕಡೆಯವರು, ಹಿಂದಿ ಮಾತು. ಆಯಮ್ಮ ಹಜಾರದ ನಡುವೆ ನಿಂತು, ಚೆನ್ನಾಗಿದೆ, ಆದರೆ ಬರೀ ಕತ್ತಲೆ ಅಂದರಂತೆ. ಆಮೇಲೆ ಎಲ್ಲರೂ ಕೇಳುವುದನ್ನು ಅವರೂ ಕೇಳಿದರು. ಏನೂ ಇಲ್ಲ ಮೇಮ್‌ಸಾಬ್ ಅಂತ ಖುರ್ಷೀದ್ ಬೀ ಅವರ ಮಾತಿನಲ್ಲೇ ಹೇಳಿದಳು. ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ಗೋಡೆಗೆ ಕರೆದೊಯ್ದು, ಇಲ್ಲಿ ಕಲ್ಲಿಲ್ಲ, ಬರೀ ಇಟ್ಟಿಗೆ, ದೊಡ್ಡ ಕಿಟಕಿ ಇಡಿಸಿದರೆ ಕೆರೆಯ ತನಕ ಕಾಣುತ್ತದೆ ಅಂತ ಆಸೆ ಹುಟ್ಟಿಸಿದಳು. ಪಕ್ಕದಲ್ಲೇ ನಿಂತಿದ್ದ ಮುನಿಆಂಜಿನಪ್ಪನಿಗೆ ಒಂದಕ್ಷರ ತಿಳಿಯಲಿಲ್ಲ. ಆ ಮಾತಿಗೇ ಅವರು ಮನೆ ಕೊಂಡರು.

ರಿಜಿಸ್ಟರ್ ಆದ ಮಾರನೆಯ ದಿನವೇ ಗಾರೆಯವರು ಬಂದರು. ಎಲ್ಲಿ ಒಡೆಯುತ್ತಾರೆ ಅಂತ ತಿಳಿದಾಗ ಮುನಿಆಂಜಿನಪ್ಪ ಓಡಿಬಂದು ಆಫೀಸರ ಕೈ ಹಿಡಿದುಕೊಂಡ. “ಇಂಗೆ ಮಾಡ್ಬ್ಯಾಡಿ ಸ್ವಾಮಿ” ಅಂತ ಅಂಗಲಾಚಿದ. ಅವರಿಗೆ ಇವನ ಕಷ್ಟ ಅರ್ಥವಾಗಲಿಲ್ಲ, ಮನೆಯೂ ಈಗ ಇವನದಲ್ಲ. ಖುರ್ಷೀದ್ ಬೀ ಗಂಟು ಕಟ್ಟಿಟ್ಟುಕೊಂಡು, ಗೋಡೆ ಬೀಳುವ ತನಕ ಇರುತ್ತೇನೆ ಅಂತ ಅಪ್ಪಣೆ ಕೇಳಿ ಒಂದು ಮೂಲೆಯಲ್ಲಿ ನಿಂತಿದ್ದಳು. ನಾನೂ ಅಂಗಡಿ ಬಿಟ್ಟು ಹತ್ತಿ ಹೋದೆ.

ಹಾರೆ ಬಿದ್ದಂತೆ ಇಟ್ಟಿಗೆಗಳು ಹಿತ್ತಿಲಿಗೆ ಉದುರಿದವು. ಬಿಸಿಲು ಒಳಗೆ ನುಗ್ಗಿತು. ಅಷ್ಟು ಬಿಸಿಲಿನಲ್ಲೂ ತಣ್ಣನೆಯ ಗಾಳಿಯೊಂದು ನನ್ನ ಕಾಲನ್ನು ಸವರಿ ಹೋಯಿತು. ಗಾರೆಯವರು ಕೆಲಸ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಖುರ್ಷೀದ್ ಬೀ ತಲೆಯ ಮೇಲೆ ಸೆರಗು ಎಳೆದುಕೊಂಡು, ಹಿರಿಯರಿಗೆ ದಾರಿ ಬಿಡುವವಳ ಹಾಗೆ ಗೋಡೆಯ ಪಕ್ಕಕ್ಕೆ ಸರಿದಳು.

“ಬನ್ನಿ ಅಮ್ಮಾ. ನಿಮ್ದೇ ಮನೆ.”

ಬಾಗಿಲ ಬಳಿ ನಿಂತಿದ್ದ ಮುನಿಆಂಜಿನಪ್ಪನಿಗೆ ಅದು ಕೇಳಿಸಿತು. ಅವನು ಮೆಟ್ಟಿಲ ಮೇಲೆ ಕುಸಿದು ಕೂತ. “ನಮ್ಮವ್ವಂಗೆ ನಾನೇ ಅಡ್ಡ ಗ್ವಾಡೆ ಆಕ್ಬುಟ್ಟೆ ರಾಮಕ್ಕ” ಅಂತ ನನ್ನ ಮುಖ ನೋಡಿ ಬಿಕ್ಕಿದ. ಅವನ ಮೇಲೆ ನನಗೆ ಅಷ್ಟು ವರ್ಷದ ಸಿಟ್ಟಿತ್ತು. ಅವತ್ತು ಬೈಯಲು ಬಾಯಿ ಬರಲಿಲ್ಲ.

ಖುರ್ಷೀದ್ ಬೀ ಬೀಗದ ಕೈಯನ್ನು ಆಯಮ್ಮನಿಗೆ ಒಪ್ಪಿಸಿ, ಊದುಬತ್ತಿ ಹೊಸೆಯುವ ಮಣೆ, ಗಂಟು ಎತ್ತಿಕೊಂಡು ಬೀದಿಗಿಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ನಿನ್ನ ಮನೆ ನಿನಗೆ ಉಳಿಯುತ್ತಿತ್ತಲ್ಲೇ ಅಂದೆ.

“ಬಾಗ್ಲು ತಟ್ಕೊಂಡು ಹೊರ್ಗೆ ನಿಂತಿರೋದು ಹೆಂಗಿರುತ್ತೆ ಅಂತ ನನ್ಗೆ ಗೊತ್ತಲ್ಲ ಅಕ್ಕಾ” ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು. ಅವಳ ಮಣೆ ಕಿತ್ತುಕೊಂಡು ನನ್ನ ಅಂಗಡಿಯ ಹಿಂದಿನ ಕೋಣೆಗೆ ಒಯ್ದು ಇಟ್ಟೆ. ಬಾಗಲಗುಂಟೆಯ ಕಡೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಅಂತಲೂ ಅಂದೆ. ನನ್ನ ಗಂಡ ಮುಖ ಗಂಟಿಕ್ಕಿದ, ಆಮೇಲೆ ಸರಿಹೋದ.

ಮುಂದಿನ ಬೇಸಿಗೆಯಲ್ಲಿ ಆಫೀಸರ ಹೆಂಡತಿ ಅಂಗಡಿಗೆ ಬಂದರು. ಅಷ್ಟರಲ್ಲಿ ಹರಕುಮುರುಕು ಕನ್ನಡ ಕಲಿತಿದ್ದರು. ಸಾಮಾನು ಕಟ್ಟಿಸಿಕೊಂಡರೂ ಹೊರಡಲಿಲ್ಲ. ಕೊನೆಗೆ ದನಿ ತಗ್ಗಿಸಿ, ದಿನಾ ಸಂಜೆ ಯಾರೋ ಗೋಡೆ ಸವರಿಕೊಂಡು ಓಡಾಡುವ ಹಾಗಿರುತ್ತದೆ, ಆ ಮನೆಯಲ್ಲಿ ಮೊದಲು ಏನಾದರೂ ಆಗಿತ್ತಾ ಅಂತ ನನ್ನನ್ನು ಕೇಳಿದರು. ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಅಂತ ಊರಿಗೇ ಗೊತ್ತು. ಆದರೂ ಹೇಳಿದೆ:

“ಏನೂ ಇಲ್ಲ ಕಣಮ್ಮಾ. ಹಳೇ ಮರ, ಬಿಸಿಲಿಳಿದ್ಮೇಲೆ ಹಂಗೇ ಸದ್ದು ಮಾಡುತ್ತೆ.”

ಅವರು ಸಮಾಧಾನಪಟ್ಟುಕೊಂಡು ಹೋದರು. ಹಿಂದಿನ ಕೋಣೆಯಲ್ಲಿ ಊದುಬತ್ತಿ ಹೊಸೆಯುವ ಸದ್ದು ನಿಂತಿತ್ತು.

“ಸದ್ದು ಎಲ್ಲಿ ಅಂದ್ರು ಅಕ್ಕಾ, ಹೊರಗಾ ಒಳಗಾ?” ಖುರ್ಷೀದ್ ಬೀ ಕೇಳಿದಳು.

ನಾನು ಬೀದಿಗೆ ಓಡಿ, ಆಯಮ್ಮನನ್ನು ನಿಲ್ಲಿಸಿ ಕೇಳಿಕೊಂಡು ಬಂದೆ.

“ಒಳಗೇ ಅಂತೆ ಕಣೇ” ಅಂದೆ.

ಅವಳು ಕಪ್ಪು ಕೈಗಳಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅವಳ ಪಕ್ಕದಲ್ಲಿ ಕೂತು ಅತ್ತೆ.