ಮಾಜಾಳಿ ಗೇಟಿನ ಈಚೆ

ಅರ್ಗಾದ ನಮ್ಮ ಮನೆ ನೌಕಾನೆಲೆಯ ಪಾಲಾದ ಮೇಲೆ ನಾವು ಗೋವಾ ಗಡಿಯಲ್ಲಿ, ಮಾಜಾಳಿಯ ಚೆಕ್‌ಪೋಸ್ಟ್ ಪಕ್ಕ ಚಹಾದಂಗಡಿ ಇಟ್ಟುಕೊಂಡಿದ್ದೆವು. ಒಂದು ಬೇಸಿಗೆಯ ಕೊನೆಗೆ ಗೋವಾದಲ್ಲಿ ಕೂಲಿಕಾರರ ಗುಡಿಸಲುಗಳನ್ನು ಕೆಡವಿದರು. ಅಲ್ಲಿಂದ ಬಂದ ಕೆಲವು ಸಂಸಾರಗಳು ನಮ್ಮೆದುರಿನ ಮುಚ್ಚಿದ ಗೋದಾಮಿನ ಜಗಲಿಯಲ್ಲಿ ತಾಡಪತ್ರಿ ಕಟ್ಟಿಕೊಂಡು ಉಳಿದವು. ಆಚೆಯವರು ಅವರನ್ನು ಕರ್ನಾಟಕದವರೆಂದರು. ಈಚೆಯವರಿಗೆ ಅವರು ಗೋವಾದವರು. ರೇಷನ್ ಕಾರ್ಡು ಎರಡೂ ಕಡೆ ಇರಲಿಲ್ಲ.

ಗಂಡಸರು ಬೆಳಿಗ್ಗೆ ಕೂಲಿ ಹುಡುಕಿಕೊಂಡು ಕಾರವಾರಕ್ಕೆ ಹೋಗುತ್ತಿದ್ದರು. ಹೆಂಗಸರು ಕೊಡ ಹಿಡಿದು ಬಾವಿಯಿಂದ ಬಾವಿಗೆ ಅಲೆಯುತ್ತಿದ್ದರು. ನೆರೆಯವರೊಬ್ಬರು ಬಾವಿಯ ಹಗ್ಗವನ್ನೇ ಬಿಚ್ಚಿ ಒಳಗಿಟ್ಟರು. ಉಳಿದವರೂ ಹಾಗೇ ಮಾಡಿದರು. ಕೊನೆಗೆ ಎಲ್ಲರೂ ನಮ್ಮ ಬಾವಿಗೇ ಬಂದರು.

ಅವರಲ್ಲೊಬ್ಬಳು ತುಂಬು ಬಸುರಿ. ಗಂಡ ಗಾರೆ ಕೆಲಸದವನು. ನನ್ನ ಅತ್ತೆ ಅವಳನ್ನು ಕೇಳಿದರು, "ನಿನ್ನ ಊರು ಯಾವ್ದೇ ತಂಗಿ?"

"ನಮ್ಮವ್ವ ಬಿಜಾಪುರದ ಕಡೆಯಾಕಿ ರೀ. ನಾ ಹುಟ್ಟಿದ್ದು ಗೋವಾದಾಗ. ಕಚೇರಿಯಾಗೂ ಇದನ್ನ ಹೇಳಿದ್ನಿ. ಕಾಗದ ತೊಗೊಂಡು ಬಾ ಅಂದ್ರು."

"ನಮ್ಮ ಹತ್ರ ಎಲ್ಲಾ ಕಾಗದ ಇತ್ತು ಮಾರಾಯ್ತಿ," ಎಂದರು ಅತ್ತೆ. "ಅಜ್ಜನ ಕಾಲದ್ದು. ಆದ್ರೂ ಎಬ್ಸಿದ್ರು."

ಮಳೆ ಹಿಡಿದ ವಾರವೇ ಆ ಜಗಲಿಯಲ್ಲಿ ಅವಳಿಗೆ ಗಂಡುಮಗುವಾಯಿತು. ನಾನು ಬಿಸಿನೀರು ಹೊತ್ತೆ, ಅತ್ತೆ ಮಗುವನ್ನು ಹಿಡಿದರು. ಬಾಣಂತಿಗೆ ಗಂಜಿ ನಮ್ಮನೆಯಿಂದಲೇ ಹೋಗುತ್ತಿತ್ತು. ಅಷ್ಟರಲ್ಲಿ ಯಾರೋ ಮಂತ್ರಿ ಆ ರಸ್ತೆಯಲ್ಲಿ ಹೋಗುತ್ತಾರೆಂದು ಸುದ್ದಿ ಬಂತು. ಜಗಲಿ ಖಾಲಿ ಮಾಡಿಸಲು ಲಾರಿ ಬಂತು.

ಅತ್ತೆ ಲಾರಿಗೆ ಅಡ್ಡ ನಿಂತರು. "ಬಾಣಂತಿ ಅದೆ. ಈ ಮಳೇಲಿ ಎಲ್ಲಿಗೆ ಒಯ್ತ್ರಿ?"

"ಅವ್ರ ಊರಿಗೆ ಬಿಡ್ತೇವೆ ಅಮ್ಮಾ," ಎಂದ ಪೊಲೀಸು.

ಬಿಟ್ಟದ್ದು ಅಂಕೋಲಾದ ಬಸ್‌ಸ್ಟ್ಯಾಂಡಿನಲ್ಲಿ. ಮಂತ್ರಿ ಆ ದಿನ ಬರಲೇ ಇಲ್ಲ. ಜಗಲಿಗೆ ಮಾತ್ರ ಮುಳ್ಳುತಂತಿ ಬಂತು.

ಚೌತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಬಸ್ಸಿಳಿದು ನಮ್ಮ ಅಂಗಡಿಗೆ ಬಂದಳು. ಸೊಂಟದಲ್ಲಿ ಮಗು, ಹಿಂದೆ ಗಂಡ.

"ಈಗ ಎಲ್ಲಿಗೆ?" ಎಂದೆ.

"ಗೋವಾಕ್ಕ ರೀ. ನಮ್ಮ ಗುಡಿಸಲು ಕೆಡವಿದ ಜಾಗದಾಗ ದೊಡ್ಡ ಬಿಲ್ಡಿಂಗ್ ಏಳಾಕತ್ತೈತಿ. ಗಾರೆ ಕೆಲಸಕ್ಕ ಗೌಂಡಿಗಳು ಕಮ್ಮಿ ಬಿದ್ದಾರ ಅಂತ ಕಾಂಟ್ರಾಕ್ಟರ್ ಕರಿಸ್ಯಾನ. ಮುಗಿಯೋತನಕ ಅಲ್ಲೇ ಶೆಡ್ ಕೊಡ್ತಾನಂತ."

"ಮುಗಿದ್ ಮೇಲೆ?"

ಅವಳು ಗಂಡನ ಮುಖ ನೋಡಿದಳು. ಅವನು ಚಹಾದ ಲೋಟ ಕೆಳಗಿಟ್ಟು, "ಹೊತ್ತಾತು, ನಡಿ" ಎಂದ.

ಅತ್ತೆ ಒಳಗೆ ಹೋಗಿ ಒಣಮೀನು ಕಟ್ಟಿ ತಂದು ಅವಳ ಕೈಚೀಲಕ್ಕೆ ತುರುಕಿದರು. ಇಬ್ಬರೂ ಗೇಟು ದಾಟಿ ನಡೆದರು. ಯಾರೂ ಅವರನ್ನು ತಡೆಯಲಿಲ್ಲ. ಗೇಟಿನವರು ಗೋವಾದಿಂದ ಬಂದ ಬಸ್ಸು ಹತ್ತಿ, ಕದ್ದು ತಂದ ಹೆಂಡದ ಬಾಟಲಿ ಹುಡುಕುತ್ತಿದ್ದರು.